ಪೆಡಲ್ ಸ್ಟೀಲ್ ಗಿಟಾರ್‌ನಲ್ಲಿ ಜೋಡಿಸ್ವರಗಳ ಓಟ ಮತ್ತು ಮೀಟಿನ ಕ್ರಮಗಳು: ಅಭ್ಯಾಸದ ಒಂದು ವಿಧಾನ

ಮೇಜರ್ ಸ್ಕೇಲಿನ ಪ್ರತಿಯೊಂದು ಸ್ವರಕ್ಕೂ ಅದೇ ಸ್ಕೇಲಿಗೆ ಸೇರಿದ ಇನ್ನೊಂದು ಸ್ವರವನ್ನು ಜೊತೆಗೂಡಿಸಿ, ಎರಡು ತಂತಿಗಳನ್ನು ಒಟ್ಟಿಗೆ ಮೀಟುತ್ತ ಮೇಲಕ್ಕೂ ಕೆಳಕ್ಕೂ ಸಾಗುವುದನ್ನು ಹಾರ್ಮನೈಸ್ಡ್ ಸ್ಕೇಲ್ ಎನ್ನುತ್ತಾರೆ. ಪೆಡಲ್ ಸ್ಟೀಲ್ ಕಲಿಯಲು ಕೂತವರು ಇದರ ಫ್ರೆಟ್ ಸಂಖ್ಯೆಗಳನ್ನು ಒಂದೇ ಸಂಜೆಯಲ್ಲಿ ಬಾಯಿಪಾಠ ಮಾಡಿಬಿಡುತ್ತಾರೆ. ಆದರೆ ತಿಂಗಳುಗಟ್ಟಲೆ ನುಡಿಸಿದ ಮೇಲೂ ಅದು ಓಟವಾಗುವುದಿಲ್ಲ, ಎಂಟು ಬಿಡಿ ನಿಲ್ದಾಣಗಳಾಗಿಯೇ ಉಳಿದುಬಿಡುತ್ತದೆ. ಅಭ್ಯಾಸವೆಲ್ಲ ನಿಲ್ದಾಣಗಳ ಮೇಲೆ ನಡೆದು, ಒಂದರಿಂದ ಇನ್ನೊಂದಕ್ಕೆ ದಾಟುವ ಆ ಅರೆಕ್ಷಣದ ಮೇಲೆ ನಡೆಯದಿರುವುದೇ ಇದಕ್ಕೆ ಕಾರಣ. ಆ ಅರೆಕ್ಷಣದಲ್ಲಿ ಎಡಗೈ ತಂತಿಗಳ ಮೇಲಿಟ್ಟ ಲೋಹದ ಬಾರನ್ನು ಸರಿಸಬೇಕು, ಎಡಗಾಲು ತಂತಿಗಳ ಸ್ವರವನ್ನು ಬದಲಿಸುವ ಪೆಡಲನ್ನು ಒತ್ತಬೇಕು ಇಲ್ಲವೇ ಬಿಡಬೇಕು, ಬಲಗೈ ಹಿಂದಿನ ನಾದವನ್ನು ತಡೆದು ಮುಂದಿನದನ್ನು ಮೀಟಬೇಕು. ಆದ್ದರಿಂದ ಇಲ್ಲಿ ಅಭ್ಯಾಸದ ಘಟಕವಾಗಿ ಸ್ವರವನ್ನಲ್ಲ, ಎರಡು ಸ್ವರಜೋಡಿಗಳ ನಡುವಿನ ದಾಟನ್ನೇ ಇಟ್ಟುಕೊಂಡಿದ್ದೇನೆ.

ವಾದ್ಯದ ಹೊಂದಿಕೆ

ಇಲ್ಲಿ ಹೇಳುವುದೆಲ್ಲ ಇ9 ಶ್ರುತಿಯ ಹತ್ತು ತಂತಿಗಳ ಕುತ್ತಿಗೆಗೆ ಅನ್ವಯಿಸುತ್ತದೆ. ನುಡಿಸುವವರಿಂದ ಅತ್ಯಂತ ದೂರದಲ್ಲಿರುವುದು 1ನೇ ತಂತಿ, ಹತ್ತಿರದಲ್ಲಿರುವುದು 10ನೆಯದು. 1ರಿಂದ 10ರವರೆಗೆ ಕ್ರಮವಾಗಿ ಅವುಗಳ ಸ್ವರಗಳು ಎಫ್ ಶಾರ್ಪ್, ಡಿ ಶಾರ್ಪ್, ಜಿ ಶಾರ್ಪ್, ಇ, ಬಿ, ಜಿ ಶಾರ್ಪ್, ಎಫ್ ಶಾರ್ಪ್, ಇ, ಡಿ ಮತ್ತು ಬಿ. ಎ ಪೆಡಲ್ 5 ಮತ್ತು 10ನೇ ತಂತಿಗಳ ಬಿ ಸ್ವರವನ್ನು ಸಿ ಶಾರ್ಪ್‌ಗೆ ಏರಿಸುತ್ತದೆ. ಬಿ ಪೆಡಲ್ 3 ಮತ್ತು 6ನೇ ತಂತಿಗಳ ಜಿ ಶಾರ್ಪನ್ನು ಎ ಸ್ವರಕ್ಕೆ ಏರಿಸುತ್ತದೆ. ಸಿ ಪೆಡಲ್ 4ನೇ ತಂತಿಯನ್ನು ಇ ಇಂದ ಎಫ್ ಶಾರ್ಪ್‌ಗೂ 5ನೆಯದನ್ನು ಬಿ ಇಂದ ಸಿ ಶಾರ್ಪ್‌ಗೂ ಒಯ್ಯುತ್ತದೆ. ಇವಲ್ಲದೆ ನಮಗೆ ಬೇಕಾಗುವುದು 4 ಮತ್ತು 8ನೇ ತಂತಿಗಳ ಇ ಸ್ವರವನ್ನು ಎಫ್‌ಗೆ ಏರಿಸುವ ಮೊಣಕಾಲ ಲಿವರ್ ಒಂದೇ. ಅದನ್ನು ಎಫ್ ಲಿವರ್ ಎಂದೇ ಕರೆಯುತ್ತಾರೆ. ಪೆಡಲುಗಳು ಎಡದಿಂದ ಬಲಕ್ಕೆ ಎ, ಬಿ, ಸಿ ಎಂದಿದ್ದರೆ ಅದು ಸ್ಟೀಲ್ ವಾದಕ ಬಡ್ಡಿ ಎಮ್ಮನ್ಸ್ ಹೆಸರಿನ ಜೋಡಣೆ. ಸಿ, ಬಿ, ಎ ಎಂದು ತಿರುಗುಮುರುಗಾಗಿದ್ದರೆ ಇನ್ನೊಬ್ಬ ವಾದಕ ಜಿಮ್ಮಿ ಡೇ ಹೆಸರಿನದು. ಲಿವರ್‌ಗಳ ಜಾಗ ವಾದ್ಯದಿಂದ ವಾದ್ಯಕ್ಕೆ ಬದಲಾಗುತ್ತದೆಯಾದರೂ ಎಮ್ಮನ್ಸ್ ಜೋಡಣೆಯಲ್ಲಿ ಎಫ್ ಲಿವರ್ ಸಾಮಾನ್ಯವಾಗಿ ಎಡ ಮೊಣಕಾಲನ್ನು ಎಡಕ್ಕೆ ತಳ್ಳಿದರೆ ಸಿಗುತ್ತದೆ.

ಮುಂದೆ ಪೆಡಲ್ ಲಿವರ್ ಯಾವುದನ್ನೂ ಒತ್ತದ ಸ್ಥಿತಿಯನ್ನು ‘ಖಾಲಿ’ ಎಂದೂ, ಎ ಮತ್ತು ಬಿ ಪೆಡಲುಗಳನ್ನು ಒಟ್ಟಿಗೆ ಒತ್ತಿದ್ದನ್ನು ‘ಎಬಿ’ ಎಂದೂ, ಬಿ ಮತ್ತು ಸಿ ಒತ್ತಿದ್ದನ್ನು ‘ಬಿಸಿ’ ಎಂದೂ, ಎಫ್ ಲಿವರ್ ಒತ್ತಿದ್ದನ್ನು ‘ಎಫ್’ ಎಂದೂ ಬರೆಯುತ್ತೇನೆ. ಇವುಗಳ ಹಿಂದಿನ ಸಂಖ್ಯೆ ಬಾರ್ ಇರಬೇಕಾದ ಫ್ರೆಟ್ಟಿನದು. ಉದಾಹರಣೆಗಳೆಲ್ಲ ಜಿ ಮೇಜರ್‌ನಲ್ಲಿವೆ.

ಆರಂಭಿಸುವ ಮೊದಲು ಎರಡು ಮಾತು. ಆಂಪ್ಲಿಫೈಯರಿನ ರಿವರ್ಬನ್ನು ಪೂರ್ತಿ ತಗ್ಗಿಸಿ. ರಿವರ್ಬ್ ಎಂಬ ಪ್ರತಿಧ್ವನಿ ನಾದವನ್ನು ತಡೆಯುವಲ್ಲಿನ ನಿಮ್ಮ ದೋಷಗಳನ್ನೆಲ್ಲ ಮುಚ್ಚಿ ನಿಮ್ಮನ್ನೇ ನಂಬಿಸುತ್ತದೆ. ವಾಲ್ಯೂಮ್ ಪೆಡಲನ್ನು ಒಂದು ಮಟ್ಟದಲ್ಲಿಟ್ಟು ಬಲಗಾಲನ್ನು ಅದರಿಂದ ತೆಗೆದುಬಿಡಿ. ಮೊದಲ ವರ್ಷವಿಡೀ ನಾನು ಪ್ರತಿ ದಾಟಿನಲ್ಲೂ ಅರಿವಿಲ್ಲದೆಯೇ ಬಲಗಾಲನ್ನು ಹಿಂದಕ್ಕೆಳೆದು ಧ್ವನಿಯನ್ನು ಅಡಗಿಸುತ್ತಿದ್ದೆ, ಅದನ್ನೇ ನಯವಾದ ನುಡಿಸಾಣಿಕೆ ಎಂದುಕೊಂಡಿದ್ದೆ. ಆ ಪೆಡಲನ್ನು ಕಳಚಿಟ್ಟ ದಿನ ಕೇಳಿಬಂದದ್ದು ಬೇರೆಯೇ ಸಂಗತಿ.

ಮೊದಲ ಓಟ: 5 ಮತ್ತು 6ನೇ ತಂತಿಗಳು

ಖಾಲಿ ಸ್ಥಿತಿಯಲ್ಲಿ 6ನೇ ತಂತಿಯ ಜಿ ಶಾರ್ಪ್ ಮತ್ತು 5ನೇ ತಂತಿಯ ಬಿ ನಡುವೆ ಮೈನರ್ ಥರ್ಡ್ (ಮೂರು ಅರ್ಧ ಟೋನ್) ಅಂತರವಿದೆ. ಎಬಿ ಒತ್ತಿದಾಗ ಅವು ಎ ಮತ್ತು ಸಿ ಶಾರ್ಪ್ ಆಗಿ ನಡುವಿನ ಅಂತರ ಮೇಜರ್ ಥರ್ಡ್ (ನಾಲ್ಕು ಅರ್ಧ ಟೋನ್) ಆಗುತ್ತದೆ. ಮೇಜರ್ ಸ್ಕೇಲನ್ನು ಥರ್ಡ್‌ಗಳಲ್ಲಿ ಜೋಡಿಸಿದರೆ ಈ ಎರಡು ಬಗೆಯ ಅಂತರಗಳಲ್ಲದೆ ಮೂರನೆಯದು ಬರುವುದೇ ಇಲ್ಲವಾದ್ದರಿಂದ, ಈ ಎರಡು ತಂತಿಗಳು ಮತ್ತು ಪಾದದ ಒಂದೇ ಚಲನೆ ಇಡೀ ಸ್ಕೇಲಿಗೆ ಸಾಕಾಗುತ್ತವೆ. ಜಿ ಮೇಜರ್‌ನಲ್ಲಿ ಬಿ–ಡಿ ಜೋಡಿಯಿಂದ ಹೊರಟರೆ ದಾರಿ ಹೀಗಿದೆ:

3 ಖಾಲಿ, 3 ಎಬಿ, 5 ಎಬಿ, 8 ಖಾಲಿ, 10 ಖಾಲಿ, 10 ಎಬಿ, 13 ಖಾಲಿ, 15 ಖಾಲಿ.

ಕೇಳಿಸುವ ಜೋಡಿಗಳು ಕ್ರಮವಾಗಿ ಬಿ–ಡಿ, ಸಿ–ಇ, ಡಿ–ಎಫ್ ಶಾರ್ಪ್, ಇ–ಜಿ, ಎಫ್ ಶಾರ್ಪ್–ಎ, ಜಿ–ಬಿ, ಎ–ಸಿ, ಮತ್ತೆ ಬಿ–ಡಿ. ನುಡಿಸುವಾಗ ಕೆಳಸ್ವರದ ಹೆಸರನ್ನು ಬಾಯಲ್ಲಿ ಹೇಳಿಕೊಳ್ಳಿ. ಫ್ರೆಟ್ ಸಂಖ್ಯೆಯನ್ನು ಹೇಳಿಕೊಂಡರೆ ನಾಳೆ ಬೇರೆ ಕೀ ಬಂದಾಗ ಕೈ ಬರಿದಾಗುತ್ತದೆ.

ಇಲ್ಲಿ ಏಳು ದಾಟುಗಳಿವೆ, ಆದರೆ ಅವು ಮೂರೇ ಬಗೆಯವು. 3 ಖಾಲಿಯಿಂದ 3 ಎಬಿಗೆ ಮತ್ತು 10 ಖಾಲಿಯಿಂದ 10 ಎಬಿಗೆ ಹೋಗುವಾಗ ಬಾರ್ ಕದಲುವುದಿಲ್ಲ, ಪಾದ ಮಾತ್ರ ಇಳಿಯುತ್ತದೆ. 3 ಎಬಿಯಿಂದ 5 ಎಬಿಗೆ, 8ರಿಂದ 10ಕ್ಕೆ, 13ರಿಂದ 15ಕ್ಕೆ ಹೋಗುವಾಗ ಪಾದ ಇದ್ದಂತೆಯೇ ಇರುತ್ತದೆ, ಬಾರ್ ಮಾತ್ರ ಎರಡು ಫ್ರೆಟ್ ಸರಿಯುತ್ತದೆ. 5 ಎಬಿಯಿಂದ 8 ಖಾಲಿಗೆ ಮತ್ತು 10 ಎಬಿಯಿಂದ 13 ಖಾಲಿಗೆ ಹೋಗುವಾಗ ಬಾರ್ ಮೂರು ಫ್ರೆಟ್ ಮೇಲೇರುತ್ತಿರುವಾಗಲೇ ಪಾದ ಪೆಡಲನ್ನು ಬಿಟ್ಟು ತಂತಿಗಳನ್ನು ಕೆಳಗಿಳಿಸುತ್ತದೆ. ಕೈ ಏರುತ್ತಿರುವಾಗ ಕಾಲು ಇಳಿಸುವ ಈ ಮೂರನೆಯ ಬಗೆಯೇ ಓಟವನ್ನು ಕೆಡಿಸುವುದು.

ಆದ್ದರಿಂದ 5 ಎಬಿ ಮತ್ತು 8 ಖಾಲಿ ಎಂಬ ಎರಡೇ ನಿಲ್ದಾಣಗಳನ್ನು ಹಿಡಿದುಕೊಂಡು ಕೂರಿ. ಜೋಡಿಯನ್ನು ಮೀಟಿ, ಅದು ಮೊಳಗುತ್ತಿರುವಾಗಲೇ ಬಾರನ್ನೂ ಪಾದವನ್ನೂ ಒಟ್ಟಿಗೆ ಚಲಿಸಿ, ಏನು ಕೇಳಿಸುತ್ತದೆಂದು ಗಮನಿಸಿ. ಡಿ–ಎಫ್ ಶಾರ್ಪ್ ಜೋಡಿ ಇ–ಜಿ ಆಗುವ ಮುನ್ನ ನಡುವೆ ಎಫ್–ಎ ಎಂಬ ಪರಕೀಯ ಜೋಡಿ ಮಿನುಗಿದರೆ ನಿಮ್ಮ ಪಾದ ತಡವಾಗಿದೆ ಎಂದರ್ಥ. ಬಾರ್ 8ನ್ನು ತಲುಪಿದೆ, ಪೆಡಲ್ ಇನ್ನೂ ಕೆಳಗೇ ಇದೆ. ಬದಲಿಗೆ ಜೋಡಿ ಮೊದಲು ಕೆಳಗೆ ಕುಸಿದು ಸಿ ಶಾರ್ಪ್–ಇ ಆಗಿ ಆಮೇಲೆ ಮೇಲೆದ್ದರೆ ಪಾದ ಅವಸರಪಟ್ಟಿದೆ. ಈ ಎರಡು ತಪ್ಪುಗಳನ್ನು ಒಮ್ಮೆ ಬೇಕೆಂದೇ ಮಾಡಿ ಕೇಳಿಕೊಳ್ಳಿ, ಒಂದೊಂದನ್ನು ನಾಲ್ಕೈದು ಸಲ. ತಪ್ಪಿನ ದನಿ ಕಿವಿಗೆ ಪರಿಚಯವಾದ ಮೇಲೆ ಅದನ್ನು ತಿದ್ದಲು ಗುರುವಿನ ಅಗತ್ಯವಿರುವುದಿಲ್ಲ. ಪಾದ ತಡವಾಗುವವರೇ ಹೆಚ್ಚು ಎಂಬುದು ನನ್ನ ಅನುಭವ. ಪೆಡಲನ್ನು ಒತ್ತುವುದು ಒಂದು ಕೆಲಸವೆಂದು ಮನಸ್ಸು ಒಪ್ಪುತ್ತದೆ, ಬಿಡುವುದೂ ಅಷ್ಟೇ ಎಚ್ಚರದ ಕೆಲಸವೆಂದು ಒಪ್ಪಲು ಕಾಲ ಹಿಡಿಯುತ್ತದೆ. ಬಿಡುವಾಗ ಪಾದವನ್ನು ಪೆಡಲಿನಿಂದ ಮೇಲಕ್ಕೆ ಎತ್ತಬೇಡಿ. ಹಿಮ್ಮಡಿ ನೆಲದ ಮೇಲಿದ್ದು ಮುಂಗಾಲು ಪೆಡಲಿನ ಜೊತೆಗೇ ಮೇಲೆ ಬರಬೇಕು; ಇಲ್ಲವಾದರೆ ಪೆಡಲ್ ತನ್ನ ತಡೆಗೆ ಬಡಿದು ಟಕ್ಕೆನ್ನುವ ಸದ್ದು ಕೇಳುತ್ತದೆ.

ಪ್ರತಿ ದಾಟನ್ನೂ ಮೂರು ರೀತಿಯಲ್ಲಿ ಸಾಧಿಸಬೇಕು. ಮೊದಲನೆಯದು ಕಡಿದು ದಾಟುವುದು: ನಾದವನ್ನು ತಡೆದು, ನಿಶ್ಶಬ್ದದಲ್ಲಿ ಬಾರನ್ನೂ ಪೆಡಲನ್ನೂ ಹೊಸ ಜಾಗಕ್ಕೆ ತಂದು, ಮತ್ತೆ ಮೀಟುವುದು. ಎರಡನೆಯದು ಜಾರಿ ದಾಟುವುದು: ಮೀಟಿದ ನಾದವನ್ನೇ ಮುಂದಿನ ಜೋಡಿಗೆ ಒಯ್ಯುವುದು. ಮೂರನೆಯದು ಇವೆರಡರ ನಡುವಿನದು: ಜಾರಿಯೂ ಹೋಗಿ, ತಲುಪಿದ ಮೇಲೆ ಮತ್ತೆ ಮೀಟುವುದು. 3 ಖಾಲಿಯಿಂದ 3 ಎಬಿಗೆ ಹೋಗುವ ದಾಟು ಜಾರಿದಾಗಲೇ ಅತ್ಯಂತ ಸೊಗಸು. 1954ರಲ್ಲಿ ಜನಪ್ರಿಯವಾದ ಕಂಟ್ರಿ ಗಾಯಕ ವೆಬ್ ಪಿಯರ್ಸ್ ಅವರ ಧ್ವನಿಮುದ್ರಣವೊಂದರಲ್ಲಿ ಸ್ಟೀಲ್ ವಾದಕ ಬಡ್ ಐಸಾಕ್ಸ್ ತಂತಿಗಳು ಮೊಳಗುತ್ತಿರುವಾಗಲೇ ಪೆಡಲನ್ನು ಒತ್ತಿ ಕೇಳುಗರನ್ನು ಬೆರಗುಗೊಳಿಸಿದ್ದು ಇದೇ ತಂತ್ರದಿಂದ. ಅಂದು ಒಂದೇ ಪೆಡಲ್ ಮಾಡುತ್ತಿದ್ದ ಕೆಲಸ ಇಂದು ಎ ಮತ್ತು ಬಿ ಎಂಬ ಎರಡು ಪೆಡಲುಗಳಿಗೆ ಹಂಚಿಹೋಗಿದೆ. 5 ಎಬಿಯಿಂದ 8 ಖಾಲಿಗೆ ಹೋಗುವುದನ್ನು ಮಾತ್ರ ಹಾಡಿನಲ್ಲಿ ಹೆಚ್ಚಾಗಿ ಕಡಿದೇ ದಾಟುತ್ತಾರೆ. ಅಭ್ಯಾಸದಲ್ಲಿ ಅದನ್ನು ಜಾರಿಸುವುದು ಪಾದ ಮತ್ತು ಕೈಗಳ ಹೊಂದಾಣಿಕೆಯನ್ನು ಪರೀಕ್ಷಿಸುವುದಕ್ಕಾಗಿ.

ಮೆಟ್ರೊನೋಮನ್ನು ನಿಮಿಷಕ್ಕೆ 60ಕ್ಕೆ ಇಡಿ. ಮೊದಲ ಬಡಿತಕ್ಕೆ ಜೋಡಿಯನ್ನು ಮೀಟಿ ಮೊಳಗಲು ಬಿಡಿ. ಎರಡನೇ ಬಡಿತಕ್ಕೆ ಸರಿಯಾಗಿ ತಡೆದು, ಆ ಬಡಿತದ ಉದ್ದಕ್ಕೂ ನಿಶ್ಶಬ್ದವಾಗಿ ದಾಟಿ. ಮೂರನೆಯದಕ್ಕೆ ಮುಂದಿನ ಜೋಡಿ. ಈ ವೇಗದಲ್ಲಿ ದಾಟಲು ಇಡೀ ಒಂದು ಸೆಕೆಂಡ್ ಸಿಗುತ್ತದೆ. ಆತುರಕ್ಕೆ ಕಾರಣವಿಲ್ಲ, ತಪ್ಪಿಗೆ ನೆಪವೂ ಇಲ್ಲ. ಇದು ಸಲೀಸಾದ ಮೇಲೆ ನಿಶ್ಶಬ್ದವನ್ನು ಅರ್ಧ ಬಡಿತಕ್ಕೆ, ಆಮೇಲೆ ಕಾಲು ಬಡಿತಕ್ಕೆ ಇಳಿಸಿ. ಮೆಟ್ರೊನೋಮಿನ ವೇಗವನ್ನು ಏರಿಸುವುದು ಇದರ ನಂತರ. ವೇಗ ಬರುವುದು ಬಡಿತವನ್ನು ಚುರುಕುಗೊಳಿಸಿದ್ದರಿಂದಲ್ಲ, ದಾಟು ಕಿರಿದಾದದ್ದರಿಂದ.

ಬಾರಿನ ದೂರಗಳೂ ಒಂದೇ ಸಮನಲ್ಲ. ತಂತಿಯ ಉದ್ದ 24.25 ಇಂಚು ಇರುವ ವಾದ್ಯದಲ್ಲಿ 3ರಿಂದ 5ನೇ ಫ್ರೆಟ್‌ಗೆ ಸುಮಾರು 56 ಮಿಲಿಮೀಟರ್, 8ರಿಂದ 10ಕ್ಕೆ ಸುಮಾರು 42, 13ರಿಂದ 15ಕ್ಕೆ ಸುಮಾರು 32. ಕಿವಿಗೆ ಮೂರೂ ಒಂದೇ ಹೋಲ್ ಟೋನ್. ತೋಳಿಗೆ ಮೂರು ಬೇರೆ ಬೇರೆ ಅಳತೆಗಳು. ಕೆಳಗಿನ ಫ್ರೆಟ್‌ಗಳಲ್ಲಿ ಪಳಗಿದ ಕೈ ಮೇಲೆ ಹೋದಾಗ ಶ್ರುತಿ ಮೀರಿ ಮುಂದೆ ಜಾರುವುದು ಇದರಿಂದಲೇ. ಜೊತೆಗೆ ಈ ವಾದ್ಯದ ಫ್ರೆಟ್‌ಗಳು ಬರೇ ಗೆರೆಗಳು, ಬಾರ್ ಅವುಗಳಿಗಿಂತ ಎತ್ತರದಲ್ಲಿ ತಂತಿಗಳ ಮೇಲಿರುತ್ತದೆ. ಓರೆಯಾಗಿ ನೋಡಿದರೆ ಬಾರ್ ಗೆರೆಯ ಮೇಲಿದ್ದಂತೆ ಕಂಡರೂ ಸ್ವರ ತಪ್ಪಿರುತ್ತದೆ. ತಲೆಯನ್ನು ಬಾರಿನ ನೇರಕ್ಕೆ ತಂದು ನೋಡುವುದನ್ನು ರೂಢಿಸಿಕೊಳ್ಳಿ, ಹಿನ್ನೆಲೆಯಲ್ಲಿ ಜಿ ಸ್ವರದ ಶ್ರುತಿಯನ್ನು ಹಾಕಿಕೊಳ್ಳಿ, ಕಣ್ಣಿಗೂ ಕಿವಿಗೂ ಜಗಳ ಬಂದಾಗ ಕಿವಿಯ ಮಾತನ್ನೇ ಕೇಳಿ.

ತಡೆ

ಸ್ಟೀಲ್ ನುಡಿಸುವವರು ಬ್ಲಾಕಿಂಗ್ ಎನ್ನುವ ಈ ತಡೆಯನ್ನು ಎರಡು ವಿಧವಾಗಿ ಮಾಡುತ್ತಾರೆ. ಅಂಗೈ ತಡೆಯಲ್ಲಿ ಬಲಗೈಯ ಕಿರುಬೆರಳಿನ ಕಡೆಯ ಅಂಚು ತಂತಿಗಳ ಮೇಲೆ ಕೂತು ನಾದವನ್ನು ನಿಲ್ಲಿಸುತ್ತದೆ, ಮೀಟುವ ಕ್ಷಣಕ್ಕಷ್ಟೇ ತುಸು ಮೇಲೇಳುತ್ತದೆ. ಪಿಕ್ ತಡೆಯಲ್ಲಿ ಮೀಟಿದ ಬೆರಳಿನ ಪಿಕ್ಕೇ ಹಿಂದಿರುಗಿ ತಂತಿಯನ್ನು ಮುಟ್ಟಿ ಸುಮ್ಮನಾಗಿಸುತ್ತದೆ. ಎರಡು ತಂತಿಗಳ ಓಟಕ್ಕೆ ಅಂಗೈ ತಡೆಯಿಂದ ಆರಂಭಿಸುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಅದು ಮೀಟದ ತಂತಿಗಳನ್ನೂ ಒಟ್ಟಿಗೇ ಕಾಯುತ್ತದೆ. ಒಂಟಿ ಸ್ವರಗಳ ವೇಗದ ಓಟಕ್ಕೆ ಪಿಕ್ ತಡೆ ಹೆಚ್ಚು ಅನುಕೂಲ. ಹೆಬ್ಬೆರಳಿಗೆ ಪ್ಲಾಸ್ಟಿಕ್ ಪಿಕ್, ತೋರುಬೆರಳು ಮತ್ತು ನಡುಬೆರಳುಗಳಿಗೆ ಲೋಹದ ಪಿಕ್ ಎಂಬುದು ಸಾಮಾನ್ಯ ರೂಢಿ. ಲೋಹದ ಪಿಕ್ ಮೊಳಗುವ ತಂತಿಗೆ ತಗುಲಿದಾಗ ಬರುವ ಸಣ್ಣ ಝೇಂಕಾರ ಪಿಕ್ ತಡೆಯ ಆರಂಭದಲ್ಲಿ ಎಲ್ಲರಿಗೂ ಎದುರಾಗುತ್ತದೆ. ಪಿಕ್ ಅರೆಮನಸ್ಸಿನಿಂದ ಮುಟ್ಟದೆ ನೇರವಾಗಿ ಕೂತರೆ ಅದು ಹೋಗುತ್ತದೆ.

ಎಡಗೈಗೂ ಇದರಲ್ಲಿ ಪಾಲಿದೆ. ಬಾರಿನ ಹಿಂದೆ, ಅಂದರೆ ಬಾರಿಗೂ ಬಿರಟೆಗಳಿಗೂ ನಡುವಿನ ಭಾಗದಲ್ಲಿ, ಉಂಗುರಬೆರಳು ಮತ್ತು ಕಿರುಬೆರಳು ತಂತಿಗಳ ಮೇಲೆ ಹಗುರವಾಗಿ ಎಳೆದುಕೊಂಡು ಬರಬೇಕು. ಅವು ಮೇಲೆದ್ದಿದ್ದರೆ ಬಾರಿನ ಹಿಂಭಾಗದ ತಂತಿ ತಾನೂ ಮೊಳಗಿ ಒಂದು ಕಲಕಿದ ಗದ್ದಲವನ್ನು ಸೇರಿಸುತ್ತದೆ.

ಎರಡನೆಯ ಓಟ: 6 ಮತ್ತು 8ನೇ ತಂತಿಗಳು

ಇಲ್ಲಿ ಲೆಕ್ಕ ತಿರುಗುಮುರುಗು. ಖಾಲಿ ಸ್ಥಿತಿಯಲ್ಲಿ ಇ ಮತ್ತು ಜಿ ಶಾರ್ಪ್ ನಡುವೆ ಮೇಜರ್ ಥರ್ಡ್ ಇದೆ. ಎಫ್ ಲಿವರ್ ಕೆಳಗಿನ ತಂತಿಯನ್ನು ಏರಿಸಿ ಅಂತರವನ್ನು ಕಿರಿದಾಗಿಸಿ ಮೈನರ್ ಥರ್ಡ್ ಮಾಡುತ್ತದೆ. ಜಿ–ಬಿ ಜೋಡಿಯಿಂದ ಹೊರಟರೆ 3 ಖಾಲಿ, 4 ಎಫ್, 6 ಎಫ್, 8 ಖಾಲಿ, 10 ಖಾಲಿ, 11 ಎಫ್, 13 ಎಫ್, 15 ಖಾಲಿ. ಮೊದಲ ಓಟದಲ್ಲಿ ಬಾರ್ ಕದಲದ ದಾಟುಗಳೆರಡು ಇದ್ದವು. ಇಲ್ಲಿ ಪ್ರತಿ ದಾಟಿನಲ್ಲೂ ಬಾರ್ ಸರಿಯಲೇಬೇಕು. ಹಾಗಾಗಿ ಓದಲು ಇದು ಸುಲಭವೆನಿಸಿದರೂ ನುಡಿಸಲು ಕಷ್ಟ.

3 ಖಾಲಿಯಿಂದ 4 ಎಫ್‌ಗೆ ಹೋಗುವಾಗ ತಪ್ಪು ಎರಡು ದಿಕ್ಕಿನಿಂದಲೂ ಜಿ ಶಾರ್ಪ್ ರೂಪದಲ್ಲೇ ಬರುತ್ತದೆ: ಮೊಣಕಾಲು ಮುಂಚೆ ಹೋದರೂ 8ನೇ ತಂತಿ ಜಿ ಶಾರ್ಪ್, ಬಾರ್ ಮುಂಚೆ ಹೋದರೂ ಜಿ ಶಾರ್ಪ್. ಯಾವುದು ಮುಂದಾಯಿತೆಂದು ತಿಳಿಯಲು ಮೇಲಿನ ತಂತಿಯನ್ನು ಕೇಳಬೇಕು. ಜಿ ಶಾರ್ಪ್ ಜೊತೆಗೆ ಬಿ ಇದ್ದರೆ ಮೊಣಕಾಲು ಅವಸರಪಟ್ಟಿದೆ, ಸಿ ಇದ್ದರೆ ಬಾರ್. ಎಫ್ ಲಿವರಿನ ಶ್ರುತಿಯ ವಿಷಯದಲ್ಲಿ ಒಂದು ಎಚ್ಚರಿಕೆ: ಎ ಪೆಡಲಿನ ಜೊತೆಗೆ ಬಳಸಿದಾಗ ಈ ಸ್ವರ ಮೇಜರ್ ಕಾರ್ಡಿನ ಥರ್ಡ್ ಆಗುವುದರಿಂದ ಅದನ್ನು ಕಿವಿಗೆ ಹಿತವಾಗುವಂತೆ ತುಸು ತಗ್ಗಿಸಿ ಕೂಡಿಸಿರುವವರೇ ಹೆಚ್ಚು; ಶುದ್ಧ ಮೇಜರ್ ಥರ್ಡ್ ಸಮಪಾಲು ಶ್ರುತಿಯದಕ್ಕಿಂತ ಸುಮಾರು 14 ಸೆಂಟ್ (ಅರ್ಧ ಟೋನಿನ ನೂರನೇ ಒಂದು ಪಾಲು ಒಂದು ಸೆಂಟ್) ಕಡಿಮೆ. ನಿಮ್ಮ ವಾದ್ಯವೂ ಹಾಗೆಯೇ ಇದ್ದರೆ 4, 6, 11 ಮತ್ತು 13ರಲ್ಲಿ ಬಾರ್ ಗೆರೆಗಿಂತ ಕೂದಲೆಳೆಯಷ್ಟು ಮುಂದಿರಬೇಕಾಗುತ್ತದೆ.

ಇದೇ ಎರಡು ನಕ್ಷೆಗಳಿಂದ ಆರು ಸ್ವರಗಳಷ್ಟು ಹರವಿನ ಜೋಡಿಗಳಾದ ಸಿಕ್ಸ್ತ್‌ಗಳೂ ಸಿಗುತ್ತವೆ, ಹೊಸದಾಗಿ ಕಲಿಯಬೇಕಾದ್ದು ಬಲಗೈಯ ಹಿಡಿತ ಮಾತ್ರ. 3ನೇ ತಂತಿ 6ನೆಯದರ ಮೇಲಿನ ಆಕ್ಟೇವ್ ಆದ್ದರಿಂದ ಮೊದಲ ಓಟವನ್ನು 3 ಮತ್ತು 5ನೇ ತಂತಿಗಳ ಮೇಲೆ ಹಾಗೆಯೇ ನುಡಿಸಿದರೆ ಸಿಕ್ಸ್ತ್‌ಗಳಾಗುತ್ತವೆ, 6 ಮತ್ತು 10ರ ಮೇಲೆ ನುಡಿಸಿದರೆ ಅವೇ ಒಂದು ಆಕ್ಟೇವ್ ಕೆಳಗೆ ಬರುತ್ತವೆ. ಎರಡನೆಯ ಓಟವನ್ನು 4 ಮತ್ತು 6ಕ್ಕೆ ಒಯ್ದರೂ ಹೀಗೆಯೇ.

ಒಂದೇ ಜಾಗದಲ್ಲಿ ಇಡೀ ಆಕ್ಟೇವ್

ಉದ್ದದ ಓಟಗಳು ಕೈಗೆ ಕೂತ ಮೇಲೆ ಅವನ್ನು ಮಡಚಿ ಮೂರು ಫ್ರೆಟ್‌ಗಳೊಳಗೆ ತರುವುದನ್ನು ಕಲಿಯಬೇಕು. ಹಾಡಿನ ನಡುವೆ ನಿಜವಾಗಿ ಉಪಯೋಗಕ್ಕೆ ಬರುವುದು ಇದು. 8–6ನೇ ತಂತಿಗಳ ಮೇಲೆ 3 ಖಾಲಿ, ಅವುಗಳ ಮೇಲೆಯೇ 4 ಎಫ್; ನಂತರ 6–5ನೇ ತಂತಿಗಳಿಗೆ ದಾಟಿ 3 ಖಾಲಿ, 3 ಎಬಿ, 5 ಎಬಿ; ಆಮೇಲೆ 5–4ನೇ ತಂತಿಗಳ ಮೇಲೆ ಎ ಪೆಡಲ್ ಮಾತ್ರ ಒತ್ತಿ 3, ಹಾಗೆಯೇ ಒತ್ತಿಕೊಂಡು 5; ಕೊನೆಗೆ 4–3ನೇ ತಂತಿಗಳ ಮೇಲೆ 3 ಖಾಲಿ. ಜಿ–ಬಿ ಇಂದ ಮೇಲಿನ ಜಿ–ಬಿವರೆಗೆ ಎಂಟು ಜೋಡಿಗಳೂ ಬಂದವು, ಬಾರ್ 5ನ್ನು ಮೀರಿ ಹೋಗಲೇ ಇಲ್ಲ.

ಇಲ್ಲಿ ದಾಟಿನ ಭಾರ ಬಲಗೈಗೆ ವರ್ಗವಾಗುತ್ತದೆ. 5 ಎಬಿಯಿಂದ 3ನೇ ಫ್ರೆಟ್‌ನ ಎ ಪೆಡಲಿಗೆ ಹೋಗುವ ದಾಟನ್ನು ನಿಧಾನವಾಗಿ ಗಮನಿಸಿ. ಕಿವಿಗೆ ಸ್ವರ ಏರುತ್ತದೆ, ಬಾರ್ ಮಾತ್ರ ಹಿಂದಕ್ಕೆ ಬರುತ್ತದೆ. ಪಾದದಡಿ ಬಿ ಪೆಡಲ್ ಏಳಬೇಕು, ಎ ಪೆಡಲ್ ಕೆಳಗೇ ಉಳಿಯಬೇಕು, ಎಂದರೆ ಪಾದವನ್ನು ಕಣಕಾಲಿನಿಂದ ಪಕ್ಕಕ್ಕೆ ವಾಲಿಸಬೇಕು. ಹೆಬ್ಬೆರಳು 6ರಿಂದ 5ಕ್ಕೂ ನಡುಬೆರಳು 5ರಿಂದ 4ಕ್ಕೂ ಸರಿಯಬೇಕು. ಇದನ್ನು ಜಾರಿಸಲು ಆಗುವುದೇ ಇಲ್ಲ, ಕಡಿದೇ ದಾಟಬೇಕು. ಹೀಗಾಗಿ ತಡೆಯಲ್ಲಿ ಒಂದಿಷ್ಟು ಸಡಿಲವಿದ್ದರೂ ಬಾರ್ ಹಿಂದೆ ಸರಿಯುವ ಸದ್ದು ಕೆಳಮುಖ ಜಾರಾಗಿ ಕೇಳಿ ಓಟವೇ ಮುಗ್ಗರಿಸಿದಂತಾಗುತ್ತದೆ. ಈ ಒಂದು ದಾಟಿಗೆ ನಾನು ದಿನಕ್ಕೆ ಐದು ನಿಮಿಷದಂತೆ ಎರಡು ವಾರ ಕೊಟ್ಟಿದ್ದೇನೆ. ಅದಕ್ಕಿಂತ ಬೇಗ ಬಂದವರು ಅದೃಷ್ಟವಂತರು.

ಮೂರು ತಂತಿಗಳು ಮತ್ತು ಮೀಟಿನ ಕ್ರಮಗಳು

ಮೀಟಿನ ಕ್ರಮಗಳಿಗೆ 6, 5, 4ನೇ ತಂತಿಗಳ ಹಿಡಿತವೇ ಒಳ್ಳೆಯ ಆರಂಭ. ಹೆಬ್ಬೆರಳಿಗೆ 6, ತೋರುಬೆರಳಿಗೆ 5, ನಡುಬೆರಳಿಗೆ 4. ಇವುಗಳ ಮೇಲೆ ಜಿ ಮೇಜರ್ ಸ್ಕೇಲಿನ ಮೂರುಸ್ವರದ ಕಾರ್ಡ್‌ಗಳು ಹೀಗೆ ಏರುತ್ತವೆ: ಜಿ 3 ಖಾಲಿ, ಎ ಮೈನರ್ 3 ಬಿಸಿ, ಬಿ ಮೈನರ್ 5 ಬಿಸಿ, ಸಿ 8 ಖಾಲಿ, ಡಿ 10 ಖಾಲಿ, ಇ ಮೈನರ್ 10 ಬಿಸಿ, ಎಫ್ ಶಾರ್ಪ್ ಡಿಮಿನಿಶ್ಡ್ 13 ಎಫ್, ಜಿ 15 ಖಾಲಿ. ಮೇಜರ್ ಕಾರ್ಡ್‌ಗಳೆಲ್ಲ ಖಾಲಿ, ಮೈನರ್ ಕಾರ್ಡ್‌ಗಳೆಲ್ಲ ಬಿಸಿ, ಒಂಟಿಯಾದ ಡಿಮಿನಿಶ್ಡ್‌ಗೆ ಲಿವರ್. ಮೊದಲ ಓಟದ ಫ್ರೆಟ್‌ಗಳೇ ಇಲ್ಲಿಯೂ ಬಂದಿರುವುದನ್ನು ಕಣ್ಣು ಗುರುತಿಸುತ್ತದೆ, ಆದರೆ ಪಾದದ ಕೆಲಸ ಬೇರೆ.

ಮೊದಲು ಪ್ರತಿ ಕಾರ್ಡನ್ನೂ ಮೂರು ಬೆರಳುಗಳಿಂದ ಒಟ್ಟಿಗೆ ಹಿಂಡಿ ಮೀಟಿ ಓಟವನ್ನು ಗಟ್ಟಿ ಮಾಡಿಕೊಳ್ಳಿ. ಆಮೇಲೆ ಬಿಡಿಸಿ ಮೀಟಲು ಆರಂಭಿಸಿ. ಹೆಬ್ಬೆರಳು, ತೋರು, ನಡು, ತೋರು ಎಂಬ ನಾಲ್ಕರ ಕ್ರಮ ಮೊದಲನೆಯದು. ಬಡಿತಕ್ಕೆ ನಾಲ್ಕು ಮೀಟು, ಕಾರ್ಡ್‌ಗೆ ಎರಡು ಬಡಿತ. 60ರ ವೇಗದಲ್ಲಿ ಒಂದೊಂದು ಮೀಟಿಗೂ ಕಾಲು ಸೆಕೆಂಡ್ ಸಿಗುತ್ತದೆ, ಮತ್ತು ಸಮಸ್ಯೆ ಕಾಣಿಸುವುದು ಎಂಟನೆಯ ಮೀಟಿನಲ್ಲಿ: ಆ ಸ್ವರವನ್ನು ನುಡಿಸಿ, ಮೂರೂ ತಂತಿಗಳನ್ನು ತಡೆದು, ಬಾರನ್ನು ಒಯ್ದು, ಪೆಡಲನ್ನು ಬದಲಿಸುವಷ್ಟು ಕೆಲಸ ಅದೇ ಕಾಲು ಸೆಕೆಂಡಿನೊಳಗೆ ನಡೆಯಬೇಕು. ಹೆಚ್ಚಿನವರು ಇಲ್ಲಿ ಲಯವನ್ನು ಹಿಗ್ಗಿಸಿಬಿಡುತ್ತಾರೆ. ಅದರ ಬದಲು ಎಂಟನೆಯ ಮೀಟನ್ನು ಮೊಟಕುಗೊಳಿಸಿ. ಅದು ಚುಟುಕಾಗಿ ನಿಂತರೂ ಅಡ್ಡಿಯಿಲ್ಲ, ಮುಂದಿನ ಹೆಬ್ಬೆರಳಿನ ಮೀಟು ಬಡಿತದ ಮೇಲೆಯೇ ಬೀಳಬೇಕು. ಅದೂ ಸಾಧ್ಯವಾಗದಿದ್ದರೆ ಎಂಟನೆಯದನ್ನು ಕೆಲವು ದಿನ ಬಿಟ್ಟೇಬಿಡಿ. ಏಳು ಮೀಟು, ಒಂದು ಖಾಲಿ. ಖಾಲಿ ಜಾಗದಲ್ಲಿ ದಾಟು ನೆಮ್ಮದಿಯಾಗಿ ನಡೆಯತೊಡಗಿದ ಮೇಲೆ ಮೀಟನ್ನು ಮರಳಿ ಸೇರಿಸಿ.

ಇದೇ ಕ್ರಮವನ್ನು ತಲೆಕೆಳಗು ಮಾಡಿ ನಡು, ತೋರು, ಹೆಬ್ಬೆರಳು, ತೋರು ಎಂದು ಮೀಟಿದಾಗ ನಡುಬೆರಳಿನ ದೌರ್ಬಲ್ಯ ಬಯಲಾಗುತ್ತದೆ, ಏಕೆಂದರೆ ಬಡಿತದ ಒತ್ತು ಈಗ ಅದರ ಮೇಲೆ ಬೀಳುತ್ತದೆ. ಹೆಬ್ಬೆರಳು ಒಮ್ಮೆ, ಅನಂತರ ಇನ್ನೆರಡು ಬೆರಳುಗಳು ಒಟ್ಟಿಗೆ ಎಂಬ ಹಿಂಡುಕ್ರಮವೂ ಬೇಕು. ನಿಧಾನಗತಿಯ ಹಾಡುಗಳಿಗೆ ಅದು ಚೆನ್ನಾಗಿ ಒಗ್ಗುತ್ತದೆ.

ನನಗೆ ಹೆಚ್ಚು ಇಷ್ಟವಾದದ್ದು ಎಂಟು ಮೀಟುಗಳನ್ನು ಮೂರು, ಮೂರು, ಎರಡಾಗಿ ಒಡೆಯುವ ಕ್ರಮ: ಹೆಬ್ಬೆರಳು–ತೋರು–ನಡು, ಹೆಬ್ಬೆರಳು–ತೋರು–ನಡು, ಹೆಬ್ಬೆರಳು–ತೋರು. ‘ತಕಿಟ ತಕಿಟ ತಕ’ ಎಂದು ಬಾಯಲ್ಲಿ ಹೇಳಿಕೊಂಡು ಮೀಟಿದರೆ ಬೆರಳುಗಳು ತಾವಾಗಿಯೇ ಸಾಲಾಗುತ್ತವೆ. ಪ್ರತಿ ‘ತ’ ಹೆಬ್ಬೆರಳಿನದು. ಇದರಲ್ಲಿ ಹೆಬ್ಬೆರಳು ಸಾಲಿನ ಮೊದಲ ಮೀಟಿನಲ್ಲಷ್ಟೇ ಅಲ್ಲದೆ ನಾಲ್ಕನೆಯ ಮತ್ತು ಏಳನೆಯ ಮೀಟುಗಳಲ್ಲೂ ಬೀಳುವುದರಿಂದ ಒತ್ತು ಅಲೆಯಂತೆ ಸರಿಯುತ್ತದೆ. ಇದು ಹಿಡಿತಕ್ಕೆ ಬಂದ ಮೇಲೆ ಕಾರ್ಡನ್ನು ಸಾಲಿನ ಆರಂಭದಲ್ಲಿ ಬದಲಿಸುವ ಬದಲು ಕೊನೆಯ ‘ತಕ’ದಲ್ಲಿಯೇ ಬದಲಿಸಿ ನೋಡಿ. ಕಾರ್ಡ್ ಬಡಿತಕ್ಕಿಂತ ಮುಂಚೆ ಬಂದು ನಿಂತು ಕೇಳುಗರನ್ನು ತುಸು ಮುಂದಕ್ಕೆ ನೂಕುತ್ತದೆ.

ಬಿಡಿಸಿ ಮೀಟುವಾಗ ಪೆಡಲ್ ಒತ್ತುವ ಹೊತ್ತೂ ಒಂದು ಬಣ್ಣವೇ. 3 ಖಾಲಿಯಿಂದ 3 ಬಿಸಿಗೆ ಹೋಗುವಾಗ ಹೆಬ್ಬೆರಳು 6ನೇ ತಂತಿಯನ್ನು ಮೀಟಿದ ಬಳಿಕ ಪೆಡಲ್ ಒತ್ತಿದರೆ ಆ ತಂತಿ ಮಾತ್ರ ಬಿ ಇಂದ ಸಿಗೆ ಜಾರುತ್ತದೆ, ಉಳಿದೆರಡು ಹೊಸ ಜಾಗದಲ್ಲಿಯೇ ಹುಟ್ಟುತ್ತವೆ. ನಡುಬೆರಳಿನ ಮೀಟಿನವರೆಗೂ ಕಾದು ಒತ್ತಿದರೆ ಮೂರೂ ಒಟ್ಟಿಗೆ ಜಾರುತ್ತವೆ, 6ನೆಯದು ಅರ್ಧ ಟೋನ್, ಮಿಕ್ಕವೆರಡೂ ಒಂದೊಂದು ಪೂರ್ಣ ಟೋನ್. ಒಂದೇ ಕಾರ್ಡ್ ಬದಲಾವಣೆಗೆ ಇಷ್ಟು ಬಗೆ ಇರುವಾಗ ಯಾವುದನ್ನು ಆರಿಸುತ್ತಿದ್ದೇವೆಂಬ ಅರಿವಿದ್ದು ಒತ್ತಬೇಕು. ಪಾದಕ್ಕೆ ತೋಚಿದಾಗ ಒತ್ತುವುದು ಅಭ್ಯಾಸವಾಗಿಬಿಟ್ಟರೆ ಮತ್ತೆ ಬಿಡಿಸುವುದು ಪ್ರಯಾಸ.

ಒಂಟಿ ಸ್ವರಗಳ ಓಟ

ಜೋಡಿಗಳ ಅಭ್ಯಾಸದ ನಡುವೆ ಬಾರನ್ನು 3ರಲ್ಲಿಯೇ ನಿಲ್ಲಿಸಿ ಇಡೀ ಜಿ ಮೇಜರ್ ಸ್ಕೇಲನ್ನು ಒಂಟಿ ಸ್ವರಗಳಾಗಿ ನುಡಿಸುವುದನ್ನೂ ಇಟ್ಟುಕೊಳ್ಳಿ. ತಂತಿಗಳ ಕ್ರಮ 8, 7, 6, ಬಿ ಪೆಡಲಿನ ಜೊತೆ 6, ನಂತರ 5, ಎ ಪೆಡಲಿನ ಜೊತೆ 5, ಆಮೇಲೆ 2, ಕೊನೆಗೆ 4. ಏಳನೆಯ ಸ್ವರ 2ನೇ ತಂತಿಯಲ್ಲಿದೆ, ಎಂಟನೆಯದು ಅದಕ್ಕಿಂತ ಈಚೆಗಿರುವ 4ರಲ್ಲಿ. ಕೈ ಮುಂದೆ ಹಾರಿ ಹಿಂದಕ್ಕೆ ಬರಬೇಕು. ಹೆಬ್ಬೆರಳು ಮತ್ತು ನಡುಬೆರಳನ್ನು ಒಂದಾದ ಮೇಲೊಂದರಂತೆ ಬಳಸುತ್ತ ಬಂದವರು ಇಲ್ಲಿ ಸಿಕ್ಕಿಹಾಕಿಕೊಳ್ಳುತ್ತಾರೆ, ಹೆಬ್ಬೆರಳು 2ಕ್ಕೆ, ನಡುಬೆರಳು 4ಕ್ಕೆ ಎಂದಾಗಿ ಕೈ ಹೆಣೆದುಕೊಳ್ಳುತ್ತದೆ. ಪರಿಹಾರವೆಂದರೆ 5ನ್ನು ಖಾಲಿಯಾಗಿ ಹೆಬ್ಬೆರಳಿನಿಂದ, ಎ ಪೆಡಲಿನ 5ನ್ನು ತೋರುಬೆರಳಿನಿಂದ, 2ನ್ನು ನಡುಬೆರಳಿನಿಂದ, 4ನ್ನು ಮತ್ತೆ ಹೆಬ್ಬೆರಳಿನಿಂದ ಮೀಟುವುದು. ಇಳಿಯುವಾಗ 5ನೇ ತಂತಿಯನ್ನು ಮೀಟುವ ಮೊದಲೇ ಎ ಪೆಡಲ್ ಕೆಳಗಿರಬೇಕು, 6ಕ್ಕೆ ಬರುವಾಗ ಬಿ ಪೆಡಲೂ ಹಾಗೆಯೇ. ಏರುವಾಗ ಒತ್ತುವುದು ಎಷ್ಟು ಸಹಜವೋ ಇಳಿಯುವಾಗ ಮೊದಲೇ ಒತ್ತಿಟ್ಟುಕೊಳ್ಳುವುದು ಅಷ್ಟೇ ಅಸಹಜವೆನಿಸುತ್ತದೆ.

ಬೇರೆ ಕೀಗಳಿಗೆ ಹೋಗಲು ಫ್ರೆಟ್ ಸಂಖ್ಯೆಗಳನ್ನೆಲ್ಲ ಒಂದೇ ಪ್ರಮಾಣದಲ್ಲಿ ಸರಿಸಿದರಾಯಿತು: ಎ ಮೇಜರ್‌ಗೆ ಎರಡು ಕೂಡಿಸಿ, ಸಿಗೆ ಐದು ಕೂಡಿಸಿ, ಎಫ್‌ಗೆ ಎರಡು ಕಳೆಯಿರಿ. ಇ ಮೇಜರ್‌ನಲ್ಲಿ 3ನೇ ಫ್ರೆಟ್‌ನ ಜಾಗಕ್ಕೆ ಬಾರ್ ಇಲ್ಲದ ತೆರೆದ ತಂತಿಗಳು ಬರುತ್ತವೆ, ಅಲ್ಲಿ ಜಾರಿ ದಾಟಲು ಬಾರೇ ಇರುವುದಿಲ್ಲವಾದ್ದರಿಂದ ಆ ಕೀಯನ್ನು ಕಡೆಗೆ ಇಟ್ಟುಕೊಳ್ಳಿ.

ದಿನಕ್ಕೆ ಮೂವತ್ತು ನಿಮಿಷವಿದ್ದರೆ ಹತ್ತು ನಿಮಿಷವನ್ನು ಆ ವಾರದ ಒಂದೇ ಕಷ್ಟದ ದಾಟಿಗೆ ಕೊಡಿ, ಹತ್ತನ್ನು ಪೂರ್ಣ ಓಟಗಳಿಗೆ, ಉಳಿದದ್ದನ್ನು ಮೀಟಿನ ಕ್ರಮಗಳಿಗೆ. ವಾರಕ್ಕೊಮ್ಮೆ ಫೋನಿನಲ್ಲಿ ಧ್ವನಿಮುದ್ರಿಸಿ ಅದನ್ನು ಮರುದಿನ ಕೇಳಿ. ನುಡಿಸಿದ ಕೂಡಲೇ ಕೇಳಿದರೆ ಕಿವಿಯಲ್ಲಿ ಇನ್ನೂ ನಾವು ಉದ್ದೇಶಿಸಿದ್ದೇ ಉಳಿದಿರುತ್ತದೆ. ಕೇಳುವಾಗ ಸ್ವರಜೋಡಿಗಳನ್ನು ಬಿಟ್ಟು ಅವುಗಳ ನಡುವಿನ ಸಂದಿನಲ್ಲಿ ಏನಿದೆ ಎಂಬುದನ್ನು ಮಾತ್ರ ಬರೆದಿಟ್ಟುಕೊಳ್ಳಿ: ಬಾರಿನ ಎಳೆತ, ಪೆಡಲಿನ ಟಕ್ಕೆನ್ನುವ ಸದ್ದು, ಪಿಕ್ಕಿನ ಝೇಂಕಾರ, ಎಫ್–ಎ ಎಂಬ ಆ ಅನಾಹ್ವಾನಿತ ಜೋಡಿ. ಮುಂದಿನ ವಾರದ ಹತ್ತು ನಿಮಿಷ ಯಾವುದಕ್ಕೆ ಹೋಗಬೇಕೆಂಬುದು ಆ ಪಟ್ಟಿಯಲ್ಲಿ ಹೆಚ್ಚು ಸಲ ಬಂದದ್ದರಿಂದ ತೀರ್ಮಾನವಾಗುತ್ತದೆ.